ಲಂಬ ರೇಖೆಯ ಸಮೀಕರಣ ತಪ್ಪಿದಾಗ: ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕುವ ಬಗೆ

ಲೆಕ್ಕ ಸಣ್ಣದು. ಒಂದು ಸರಳರೇಖೆ ಕೊಟ್ಟಿರುತ್ತಾರೆ, ಒಂದು ಬಿಂದು ಕೊಟ್ಟಿರುತ್ತಾರೆ. ಆ ಬಿಂದುವಿನ ಮೂಲಕ ಹಾದು, ಆ ರೇಖೆಗೆ ಲಂಬವಾಗಿರುವ ಇನ್ನೊಂದು ರೇಖೆಯ ಸಮೀಕರಣ ಬರೆಯಬೇಕು. ಐದಾರು ಸಾಲಿನ ಕೆಲಸ, ಅಷ್ಟೇ. ಆದರೂ ಉತ್ತರ ತಪ್ಪುತ್ತದೆ. ತಪ್ಪಿದಾಗ ಹೆಚ್ಚಿನವರು ಎಲ್ಲವನ್ನೂ ಹೊಡೆದುಹಾಕಿ ಮೊದಲಿನಿಂದ ಶುರು ಮಾಡುತ್ತಾರೆ. ಕೈ ಅದೇ, ಅಭ್ಯಾಸ ಅದೇ. ಎರಡನೇ ಸಲವೂ ಅದೇ ಜಾಗದಲ್ಲಿ ಅದೇ ತಪ್ಪು ಬರುತ್ತದೆ.

ತಪ್ಪು ಉತ್ತರವನ್ನು ಅಳಿಸಬೇಡಿ. ಎಲ್ಲಿ ಎಡವಿದಿರಿ ಎಂಬ ಗುರುತು ಅದರೊಳಗೇ ಉಳಿದಿರುತ್ತದೆ. ಎರಡು ಸಣ್ಣ ಪರೀಕ್ಷೆ ಮಾಡಿದರೆ ಸಾಕು, ಇಳಿಜಾರಿನಲ್ಲಿ ತಪ್ಪಿತೋ ಬಿಂದುವನ್ನು ಹಾಕುವಾಗ ತಪ್ಪಿತೋ ಗೊತ್ತಾಗುತ್ತದೆ. ಇನ್ನೊಂದು ಹೆಜ್ಜೆ ಮುಂದೆ ಹೋದರೆ ಚಿಹ್ನೆ ಬಿಟ್ಟಿದ್ದೀರೋ, ಭಿನ್ನರಾಶಿ ತಿರುಗಿಸುವುದನ್ನು ಮರೆತಿದ್ದೀರೋ ಅನ್ನುವುದೂ ತಿಳಿಯುತ್ತದೆ.

ಓದುವ ಮೊದಲು ಒಂದು ಮಾತು. ಇಲ್ಲಿ ಅಕ್ಷರಗಳನ್ನು ಉಚ್ಚರಿಸುವ ಹಾಗೆಯೇ ಬರೆದಿದ್ದೇನೆ: ಎಕ್ಸ್, ವೈ. 2ಎಕ್ಸ್ ಎಂದರೆ ಎರಡು ಗುಣಿಸು ಎಕ್ಸ್. ಇಳಿಜಾರು ಅಂದರೆ ತರಗತಿಯಲ್ಲಿ ಸ್ಲೋಪ್ ಎಂದು ಹೇಳುವುದೇ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕೊಟ್ಟ ರೇಖೆ 2ಎಕ್ಸ್ − 3ವೈ = 6. ಕೊಟ್ಟ ಬಿಂದು (4, −1). ಸರಿಯಾದ ಕೆಲಸ ಹೀಗೆ ಸಾಗುತ್ತದೆ:

2ಎಕ್ಸ್ − 3ವೈ = 6
ವೈ = (2/3)ಎಕ್ಸ್ − 2, ಆದ್ದರಿಂದ ಇಳಿಜಾರು 2/3
ಲಂಬ ರೇಖೆಯ ಇಳಿಜಾರು −3/2
ವೈ + 1 = −(3/2)(ಎಕ್ಸ್ − 4)
2ವೈ + 2 = −3ಎಕ್ಸ್ + 12
3ಎಕ್ಸ್ + 2ವೈ = 10

ಈ ಆರು ಸಾಲಿನಲ್ಲಿ ಪ್ರತಿಯೊಂದರಲ್ಲೂ ಜಾರುವ ಜಾಗವಿದೆ.

ಮೊದಲು ನೋಡಿ: ನಿಜವಾಗಿಯೂ ತಪ್ಪಾಗಿದೆಯೇ?

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಶಾಲೆಯಲ್ಲಿದ್ದಾಗ ಒಂದು ಪರೀಕ್ಷೆಯಲ್ಲಿ ನಾನು ಸರಿಯಾದ ಉತ್ತರವನ್ನೇ ಹೊಡೆದುಹಾಕಿದ್ದೆ. ಪಕ್ಕದವನ ಉತ್ತರ ಕಣ್ಣಿಗೆ ಬಿತ್ತು, ಅದು ನನ್ನದರ ಹಾಗೆ ಕಾಣಲಿಲ್ಲ. ಗಾಬರಿಯಲ್ಲಿ ಗೀಟು ಎಳೆದೆ. ಹೊರಗೆ ಬಂದು ಕೂತು ನೋಡಿದರೆ ಎರಡೂ ಒಂದೇ ರೇಖೆ. ಆ ಬೇಸರ ಇನ್ನೂ ನೆನಪಿದೆ.

ಒಂದೇ ರೇಖೆಗೆ ಸಮೀಕರಣಗಳು ಎಷ್ಟು ಬೇಕಾದರೂ ಇರುತ್ತವೆ. 3ಎಕ್ಸ್ + 2ವೈ = 10 ಎಂದರೂ, ವೈ = −(3/2)ಎಕ್ಸ್ + 5 ಎಂದರೂ, −6ಎಕ್ಸ್ − 4ವೈ + 20 = 0 ಎಂದರೂ ರೇಖೆ ಅದೇ. ಪುಸ್ತಕದ ಹಿಂದಿನ ಉತ್ತರ ನಿಮ್ಮದಕ್ಕಿಂತ ಬೇರೆಯಾಗಿ ಕಂಡರೆ ಎರಡನ್ನೂ ‘ವೈ =’ ರೂಪಕ್ಕೆ ತನ್ನಿ. ಎಕ್ಸ್‌ನ ಸಹಗುಣಕವೂ (ಅದರ ಮುಂದಿರುವ ಸಂಖ್ಯೆ) ಒಂಟಿ ಸಂಖ್ಯೆಯೂ (ಎಕ್ಸ್, ವೈ ಜೊತೆಗಿಲ್ಲದ್ದು) ಹೊಂದಿದರೆ ನಿಮ್ಮ ಉತ್ತರ ಸರಿ ಇದೆ. ಹುಡುಕಾಟ ಅಲ್ಲಿಗೇ ನಿಲ್ಲಿಸಿ.

ಎರಡು ಪರೀಕ್ಷೆಗಳು

ಉತ್ತರದ ರೇಖೆ ಎರಡು ಕೆಲಸ ಮಾಡಬೇಕು. ಲಂಬವಾಗಿರಬೇಕು, ಬಿಂದುವಿನ ಮೂಲಕ ಹೋಗಬೇಕು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ನಮ್ಮ ಹುಡುಕಾಟ ನಿಂತಿರುವುದೇ ಇದರ ಮೇಲೆ.

ಬಿಂದುವಿನ ಪರೀಕ್ಷೆ ಸುಲಭ. ಕೊಟ್ಟ ಬಿಂದುವಿನ ಎಕ್ಸ್ ಮತ್ತು ವೈ ಬೆಲೆಗಳನ್ನು ನಿಮ್ಮ ಕೊನೆಯ ಸಾಲಿಗೆ ಹಾಕಿ. 3×4 + 2×(−1) = 12 − 2 = 10. ಬಲಭಾಗದಲ್ಲೂ 10 ಇದೆ. ಪಾಸ್.

ಲಂಬದ ಪರೀಕ್ಷೆಯಲ್ಲಿ ಒಂದು ಬಲೆ ಇದೆ. ‘ಎರಡು ಇಳಿಜಾರು ಗುಣಿಸಿದರೆ −1 ಬರಬೇಕು’ ಎಂದು ಎಲ್ಲರಿಗೂ ಗೊತ್ತು. ಆದರೆ ಮೊದಲ ಇಳಿಜಾರು ಎಲ್ಲಿಂದ ತೆಗೆದುಕೊಳ್ಳುತ್ತೀರಿ? ನೀವೇ ಕಂಡುಹಿಡಿದ ಸಂಖ್ಯೆಯಿಂದ. ಅದೇ ತಪ್ಪಾಗಿದ್ದರೆ? ಇಳಿಜಾರನ್ನು 2/3 ಬದಲು 2 ಎಂದು ಓದಿ, ಲಂಬಕ್ಕೆ −1/2 ಎಂದು ಬರೆದಿರಿ ಅನ್ನೋಣ. ಪರೀಕ್ಷಿಸುವಾಗ 2 × (−1/2) = −1 ಬರುತ್ತದೆ. ಉತ್ತರ ತಪ್ಪು, ಪರೀಕ್ಷೆ ಮಾತ್ರ ಪಾಸ್. ತಪ್ಪಿಗೆ ತಪ್ಪೇ ಸಾಕ್ಷಿ ಹೇಳಿದ ಹಾಗಾಯಿತು.

ಅದಕ್ಕೇ ಪ್ರಶ್ನೆಯಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನೇ ನೇರವಾಗಿ ಬಳಸಿ. ಎರಡೂ ರೇಖೆಗಳಲ್ಲಿ ಎಕ್ಸ್ ಮತ್ತು ವೈ ಒಂದೇ ಬದಿಗೆ ಇರಲಿ. ಎಕ್ಸ್‌ನ ಸಹಗುಣಕಗಳನ್ನು ಒಂದಕ್ಕೊಂದು ಗುಣಿಸಿ. ವೈನ ಸಹಗುಣಕಗಳನ್ನು ಒಂದಕ್ಕೊಂದು ಗುಣಿಸಿ. ಎರಡನ್ನೂ ಕೂಡಿಸಿ. ಸೊನ್ನೆ ಬಂದರೆ ಲಂಬ. ನಮ್ಮ ಉದಾಹರಣೆಯಲ್ಲಿ 2×3 + (−3)×2 = 6 − 6 = 0. ಇಲ್ಲಿ ಭಾಗಾಕಾರವಿಲ್ಲ, ಭಿನ್ನರಾಶಿಯಿಲ್ಲ. ನೀವು ನಡುವೆ ಮಾಡಿದ ಯಾವ ಕೆಲಸವನ್ನೂ ಇದು ನಂಬುವುದಿಲ್ಲ.

ಒಂದು ಬಿಂದುವಿನ ಮೂಲಕ ಒಂದು ರೇಖೆಗೆ ಲಂಬವಾಗಿ ಒಂದೇ ಒಂದು ರೇಖೆ ಎಳೆಯಲು ಸಾಧ್ಯ. ಹಾಗಾಗಿ ಎರಡೂ ಪರೀಕ್ಷೆ ಪಾಸಾದರೆ ಉತ್ತರ ಸರಿ. ಬೇರೆ ಯಾವ ಅನುಮಾನವೂ ಬೇಡ, ಹಿಂದಿನ ಪುಟ ತಿರುಗಿಸಿ ನೋಡುವುದೂ ಬೇಡ.

ಲಂಬದ ಪರೀಕ್ಷೆ ಫೇಲ್, ಬಿಂದುವಿನದು ಪಾಸ್ ಆದರೆ ತಪ್ಪು ಮೊದಲ ಮೂರು ಸಾಲಿನಲ್ಲಿದೆ, ಅಂದರೆ ಇಳಿಜಾರಿನಲ್ಲಿ. ಲಂಬದ್ದು ಪಾಸ್, ಬಿಂದುವಿನದು ಫೇಲ್ ಆದರೆ ಇಳಿಜಾರನ್ನು ಮುಟ್ಟಲೇಬೇಡಿ, ತಪ್ಪು ಅದರ ನಂತರ ಆಗಿದೆ. ಎರಡೂ ಫೇಲ್ ಆದರೆ ಕೊನೆಯ ಸಾಲಿನಿಂದ ಹಿಂದಕ್ಕೆ ಹೋಗಿ.

ಲಂಬದ ಪರೀಕ್ಷೆ ಫೇಲಾದಾಗ

ತಪ್ಪುಗಳಲ್ಲಿ ಜಾಸ್ತಿ ಪಾಲು ಇಲ್ಲಿಯೇ. ಮೊದಲು ಕೊಟ್ಟ ರೇಖೆಯ ಇಳಿಜಾರನ್ನು ಬೇರೆ ದಾರಿಯಿಂದ ಖಚಿತ ಮಾಡಿಕೊಳ್ಳಿ. ಆ ರೇಖೆಯ ಮೇಲಿನ ಎರಡು ಬಿಂದು ಹುಡುಕಿ. ಎಕ್ಸ್ = 0 ಎಂದರೆ ವೈ = −2. ಎಕ್ಸ್ = 3 ಎಂದರೆ ವೈ = 0. ಬಲಕ್ಕೆ 3 ಹೋದಾಗ ಮೇಲಕ್ಕೆ 2 ಏರಿದೆ. ಇಳಿಜಾರು 2/3. ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ.

ಈಗ ನಿಮ್ಮ ಉತ್ತರದ ಇಳಿಜಾರನ್ನು ಈ 2/3ರಿಂದ ಗುಣಿಸಿ. −1 ಬರುವುದಿಲ್ಲ, ಅದು ಗೊತ್ತೇ ಇದೆ. ಏನು ಬರುತ್ತದೆ ಅನ್ನುವುದು ಮುಖ್ಯ. ಆ ಸಂಖ್ಯೆಯೇ ತಪ್ಪಿನ ಹೆಸರು ಹೇಳುತ್ತದೆ.

ಗುಣಲಬ್ಧ +1 ಬಂದರೆ ಚಿಹ್ನೆ ತಪ್ಪಿದೆ. ನಿಮ್ಮ ಉತ್ತರ 3ಎಕ್ಸ್ − 2ವೈ = 14 ಆಗಿದ್ದರೆ ಅದರ ಇಳಿಜಾರು 3/2. ಭಿನ್ನರಾಶಿ ತಿರುಗಿಸಿದ್ದೀರಿ, ಚಿಹ್ನೆ ಬದಲಿಸಿಲ್ಲ. ಇದೇ +1 ಇನ್ನೊಂದು ಕಾರಣದಿಂದಲೂ ಬರುತ್ತದೆ. 2ಎಕ್ಸ್ − 3ವೈ = 6ರಲ್ಲಿ −3ವೈ ಅನ್ನು +3ವೈ ಎಂದು ನೋಡಿ ಇಳಿಜಾರನ್ನು −2/3 ಎಂದು ಬರೆದು, ಅದಕ್ಕೆ ಸರಿಯಾಗಿಯೇ ಲಂಬ ತೆಗೆದರೂ 3/2 ಬರುತ್ತದೆ. ಎರಡನೇ ಸಾಲು ನೋಡಿ, ಎರಡರಲ್ಲಿ ಯಾವುದು ಎಂದು ತಕ್ಷಣ ತಿಳಿಯುತ್ತದೆ.

ಚಿಹ್ನೆಯ ವಿಷಯದಲ್ಲಿ ಇನ್ನೊಂದು ಮಾತು. ‘ತಿರುಗಿಸಿ ಮೈನಸ್ ಹಾಕು’ ಎಂದು ಬಾಯಿಪಾಠ ಮಾಡಿದವರು ಇಳಿಜಾರು −5 ಇದ್ದಾಗ −1/5 ಎಂದು ಬರೆಯುತ್ತಾರೆ. ಮೈನಸ್ ಹಾಕುವುದಲ್ಲ, ಚಿಹ್ನೆ ಬದಲಿಸುವುದು. −5ಕ್ಕೆ ಲಂಬ 1/5. ಈ ಒಂದು ಪದದ ವ್ಯತ್ಯಾಸಕ್ಕೆ ಎಷ್ಟೋ ಮಕ್ಕಳು ಅಂಕ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ನಿಯಮವನ್ನು ಹೇಳಿಕೊಡುವವರು ಆ ಪದವನ್ನು ಎಚ್ಚರದಿಂದ ಆರಿಸಬೇಕು.

ಗುಣಲಬ್ಧ −4/9 ಬಂದರೆ? ಅದು 2/3ರ ವರ್ಗ, ಮುಂದೆ ಮೈನಸ್. ಅಂದರೆ ಚಿಹ್ನೆ ಬದಲಿಸಿದ್ದೀರಿ, ಆದರೆ ತಿರುಗಿಸುವುದನ್ನು ಮರೆತಿದ್ದೀರಿ. ಉತ್ತರ 2ಎಕ್ಸ್ + 3ವೈ = 5 ಎಂದು ಬಂದಿರುತ್ತದೆ. ಇಳಿಜಾರು ಪೂರ್ಣಾಂಕವಾದಾಗ ಈ ತಪ್ಪು ಹೆಚ್ಚು. 4 ಎಂದು ನೋಡಿದಾಗ ತಿರುಗಿಸಲು ಅಲ್ಲಿ ಏನೂ ಇಲ್ಲ ಅನ್ನಿಸುತ್ತದೆ. 4 ಅನ್ನು 4/1 ಎಂದು ಬರೆದುಕೊಳ್ಳಿ, ಆಗ ಕೈ ತಾನಾಗಿ −1/4ಕ್ಕೆ ಹೋಗುತ್ತದೆ.

ಗುಣಲಬ್ಧ +4/9 ಬಂದರೆ ನೀವು ಬರೆದಿರುವುದು ಸಮಾಂತರ ರೇಖೆ. ಎರಡೂ ಬದಲಾಗಿಲ್ಲ. ಪ್ರಶ್ನೆಯನ್ನು ಅವಸರದಲ್ಲಿ ಓದಿದಾಗ ಹೀಗಾಗುತ್ತದೆ.

ಇನ್ನೊಂದು ಸಂಖ್ಯೆ ನನಗೆ ಬಹಳ ಇಷ್ಟ, ಯಾಕೆಂದರೆ ಅದು ಬಚ್ಚಿಟ್ಟ ತಪ್ಪನ್ನು ಹೊರಗೆ ತರುತ್ತದೆ. ಗುಣಲಬ್ಧ −1/3 ಅಥವಾ +1/3 ಬಂತು ಅನ್ನಿ. ಆ 3 ಎಲ್ಲಿಂದ ಬಂತು? ಪ್ರಶ್ನೆಯಲ್ಲಿ ವೈ ಮುಂದೆ ಇರುವುದು −3. ಅಂದರೆ ನೀವು ವೈನ ಸಹಗುಣಕದಿಂದ ಭಾಗಿಸಿಯೇ ಇಲ್ಲ. 2ಎಕ್ಸ್‌ನಲ್ಲಿರುವ 2 ಅನ್ನೇ ಇಳಿಜಾರು ಎಂದು ತೆಗೆದುಕೊಂಡು −1/2 ಬರೆದಿದ್ದೀರಿ. (2/3) × (−1/2) = −1/3. ‘ವೈ =’ ರೂಪಕ್ಕೆ ಬರುವ ಮೊದಲೇ ಎಕ್ಸ್ ಮುಂದಿನ ಸಂಖ್ಯೆ ಇಳಿಜಾರು ಅಲ್ಲ. ವೈ ಒಂಟಿಯಾಗಿ ನಿಂತ ಮೇಲಷ್ಟೇ ಅದು ಇಳಿಜಾರು. ಇದು ಯಾವ ರೇಖೆಗೂ ಅನ್ವಯಿಸುತ್ತದೆ: ಗುಣಲಬ್ಧದ ಛೇದದಲ್ಲಿ ವೈನ ಸಹಗುಣಕ ಕಂಡರೆ, ಅಂಶ 1 ಆಗಿದ್ದರೆ, ಭಾಗಿಸುವುದು ಬಿಟ್ಟುಹೋಗಿದೆ.

ಗುಣಲಬ್ಧ −1ರ ತೀರಾ ಹತ್ತಿರ ಬಂದು ನಿಂತರೆ, ಉದಾಹರಣೆಗೆ −1.01, ಅಲ್ಲಿ ತಿಳುವಳಿಕೆಯ ತಪ್ಪಿಲ್ಲ. ದಶಮಾಂಶದ ತಪ್ಪು. 1/3 ಅನ್ನು 0.33 ಎಂದು ಕ್ಯಾಲ್ಕುಲೇಟರಿಗೆ ಕೊಟ್ಟರೆ ಲಂಬದ ಇಳಿಜಾರು −3.03 ಎಂದು ಬರುತ್ತದೆ. ಬರಬೇಕಾದದ್ದು −3. ಕೊನೆಯ ಸಾಲಿನವರೆಗೂ ಭಿನ್ನರಾಶಿಯಲ್ಲೇ ಇರಿ.

ತಿರುಗಿಸುವುದು ಯಾಕೆ, ಚಿಹ್ನೆ ಯಾಕೆ?

ಕಾರಣ ಗೊತ್ತಿಲ್ಲದ ನಿಯಮ ಪರೀಕ್ಷೆಯ ದಿನ ಕೈ ಕೊಡುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಚೌಕುಳಿ ಹಾಳೆಯ ಪುಸ್ತಕ ಮುಂದಿಟ್ಟುಕೊಳ್ಳಿ. ಒಂದು ಚುಕ್ಕಿಯಿಂದ ಬಲಕ್ಕೆ 3 ಮನೆ, ಮೇಲಕ್ಕೆ 2 ಮನೆ ಹೋಗಿ ಇನ್ನೊಂದು ಚುಕ್ಕಿ ಇಡಿ. ಎರಡನ್ನೂ ಸೇರಿಸಿ. ಇದು 2/3 ಇಳಿಜಾರಿನ ಗೆರೆ. ಈಗ ಪುಸ್ತಕವನ್ನೇ ಎಡಕ್ಕೆ ಕಾಲು ಸುತ್ತು ತಿರುಗಿಸಿ, ಗಡಿಯಾರದ ಮುಳ್ಳಿಗೆ ಎದುರಾಗಿ. ಗೆರೆ 90 ಡಿಗ್ರಿ ತಿರುಗಿತು. ಬಲಕ್ಕೆ ಹೋಗಿದ್ದ 3 ಮನೆ ಈಗ ಮೇಲಕ್ಕೆ ಹೋಗುತ್ತಿದೆ. ಮೇಲಕ್ಕೆ ಹೋಗಿದ್ದ 2 ಮನೆ ಈಗ ಎಡಕ್ಕೆ ಹೋಗುತ್ತಿದೆ. ಎಡಕ್ಕೆ ಅಂದರೆ −2. ಇಳಿಜಾರು ಎಂದರೆ ಏರಿದ್ದನ್ನು ಅಡ್ಡ ಹೋದದ್ದರಿಂದ ಭಾಗಿಸಿದ್ದು. ಆದ್ದರಿಂದ ಹೊಸ ಇಳಿಜಾರು 3/(−2), ಅಂದರೆ −3/2.

ನೋಡಿದಿರಾ? ಅಡ್ಡವೂ ಏರಿಕೆಯೂ ಜಾಗ ಬದಲಿಸಿಕೊಂಡವು. ಅದೇ ‘ತಿರುಗಿಸು’. ಎರಡರಲ್ಲಿ ಒಂದು ದಿಕ್ಕು ಉಲ್ಟಾ ಆಯಿತು. ಅದೇ ‘ಚಿಹ್ನೆ ಬದಲಿಸು’. ಕಾಲು ಸುತ್ತು ತಿರುಗಿದಾಗ ಎರಡೂ ಒಟ್ಟಿಗೇ ಆಗುತ್ತವೆ, ಒಂದು ಮಾತ್ರ ಆಗಲು ಸಾಧ್ಯವೇ ಇಲ್ಲ. ಇದನ್ನು ಒಮ್ಮೆ ಕೈಯಾರೆ ಮಾಡಿದವರು ಆಮೇಲೆ ಮರೆತದ್ದನ್ನು ನಾನು ಕಂಡಿಲ್ಲ.

ಒಂದು ಅಂದಾಜು ಪರೀಕ್ಷೆಯೂ ಇಲ್ಲಿಂದಲೇ ಸಿಗುತ್ತದೆ. ಕೊಟ್ಟ ರೇಖೆ ಬಲಕ್ಕೆ ಹೋದಂತೆ ಏರುತ್ತಿದ್ದರೆ ಲಂಬ ರೇಖೆ ಇಳಿಯಬೇಕು. ಕೊಟ್ಟದ್ದು ಸಪಾಟಾಗಿ ಮಲಗಿದ್ದರೆ ಲಂಬ ಕಡಿದಾಗಿ ನಿಲ್ಲಬೇಕು. ನಿಮ್ಮ ಎರಡೂ ರೇಖೆ ಏರುತ್ತಿದ್ದರೆ ಲೆಕ್ಕ ನೋಡುವ ಮೊದಲೇ ತಪ್ಪು ಗೊತ್ತಾಯಿತು, ಅಲ್ವಾ?

ಬಿಂದುವಿನ ಪರೀಕ್ಷೆ ಫೇಲಾದಾಗ

ಇಳಿಜಾರು ಸರಿ ಇದೆ, ರೇಖೆ ಸರಿಯಾದ ಓರೆಯಲ್ಲೇ ನಿಂತಿದೆ, ಆದರೆ ಪಕ್ಕಕ್ಕೆ ಸರಿದಿದೆ. ಎಡಭಾಗ 3ಎಕ್ಸ್ + 2ವೈ ಎಂದೇ ಬಂದಿರುತ್ತದೆ, ಬಲಭಾಗದ ಸಂಖ್ಯೆ ಮಾತ್ರ 10 ಅಲ್ಲ.

ಇಲ್ಲೂ ಒಂದು ಪತ್ತೆದಾರಿ ಉಪಾಯವಿದೆ. ನಿಮ್ಮ ರೇಖೆ ಕೊಟ್ಟ ಬಿಂದುವಿನ ಮೂಲಕ ಹೋಗುತ್ತಿಲ್ಲ. ಹಾಗಾದರೆ ಅದು ಯಾವ ಬಿಂದುವಿನ ಮೂಲಕ ಹೋಗುತ್ತಿದೆ? ಬಿಂದುವಿನ ನೆಂಟರನ್ನು ಒಂದೊಂದಾಗಿ ಹಾಕಿ ನೋಡಿ: (4, 1), (−4, −1), (−1, 4).

ನಿಮಗೆ 3ಎಕ್ಸ್ + 2ವೈ = 14 ಬಂದಿದೆ ಅನ್ನಿ. (4, 1) ಹಾಕಿದರೆ 12 + 2 = 14. ಹೊಂದಿತು. ಅಂದರೆ ನೀವು ವೈ + 1 ಬರೆಯುವ ಕಡೆ ವೈ − 1 ಬರೆದಿದ್ದೀರಿ. ಸೂತ್ರ ಹೀಗಿದೆ: ವೈ − ಬಿಂದುವಿನ ವೈ = ಇಳಿಜಾರು × (ಎಕ್ಸ್ − ಬಿಂದುವಿನ ಎಕ್ಸ್). ಸೂತ್ರದಲ್ಲಿ ಮೈನಸ್ ಇದೆ, ಬಿಂದುವಿನಲ್ಲೂ ಮೈನಸ್ ಇದೆ. ವೈ − (−1) ಆಗಬೇಕಿತ್ತು, ಎರಡರಲ್ಲಿ ಒಂದು ಮೈನಸ್ ನುಂಗಿಹೋಯಿತು.

ಈ ಎರಡು ಮೈನಸ್‌ಗಳ ಗೊಂದಲಕ್ಕೆ ನಮ್ಮ ಭಾಷೆಯಲ್ಲೇ ಮದ್ದಿದೆ. ಧನ ಸಂಖ್ಯೆ, ಋಣ ಸಂಖ್ಯೆ ಎನ್ನುತ್ತೇವೆ. ಧನ ಎಂದರೆ ಸಂಪತ್ತು, ಋಣ ಎಂದರೆ ಸಾಲ. ಬ್ರಹ್ಮಗುಪ್ತ 628ರಲ್ಲಿ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದದ್ದು ಇದೇ ಮಾತುಗಳಲ್ಲಿ. ಸಾಲವನ್ನು ಕಳೆದರೆ ಏನಾಗುತ್ತದೆ? ಕೈಯಲ್ಲಿರುವುದು ಹೆಚ್ಚುತ್ತದೆ. ವೈನಿಂದ 1ರ ಸಾಲ ಕಳೆದರೆ ವೈ + 1. ಸಂದೇಹ ಬಂದಾಗ ಹೀಗೆ ಬಾಯಲ್ಲಿ ಹೇಳಿಕೊಳ್ಳಿ.

3ಎಕ್ಸ್ + 2ವೈ = 5 ಬಂದಿದ್ದರೆ (−1, 4) ಹಾಕಿ: −3 + 8 = 5. ಹೊಂದಿತು. ಬಿಂದುವಿನ ಎರಡು ಸಂಖ್ಯೆಗಳು ಅದಲುಬದಲಾಗಿವೆ. ಸೂತ್ರದಲ್ಲಿ ವೈ ಮೊದಲು ಬರುತ್ತದೆ, ಬಿಂದುವಿನಲ್ಲಿ ಎಕ್ಸ್ ಮೊದಲು ಬರುತ್ತದೆ. ಕಣ್ಣು ಎಡದಿಂದ ಬಲಕ್ಕೆ ಓದುತ್ತಾ ಹೋದರೆ 4 ಹೋಗಿ ವೈ ಪಕ್ಕ ಕೂರುತ್ತದೆ. ಲೆಕ್ಕ ಶುರು ಮಾಡುವ ಮೊದಲು ಬಿಂದುವಿನ ಮೇಲೆ ಸಣ್ಣದಾಗಿ ‘ಎಕ್ಸ್, ವೈ’ ಎಂದು ಬರೆದುಕೊಳ್ಳುವುದು ಸಾಕು.

3ಎಕ್ಸ್ + 2ವೈ = −14 ಬಂದರೆ (−4, −1) ಹೊಂದುತ್ತದೆ. ಇದಕ್ಕೆ ಎರಡು ಕಾರಣ ಇರಬಹುದು. ಒಂದೋ ಎಕ್ಸ್ + 4 ಎಂದು ಬರೆದಿದ್ದೀರಿ. ಇಲ್ಲವೇ ಎಕ್ಸ್ − 4 ಎಂದು ಸರಿಯಾಗಿ ಬರೆದು, ಬ್ರಾಕೆಟ್ ಬಿಡಿಸುವಾಗ −3/2 ಗುಣಿಸು −4 ಅನ್ನು −6 ಎಂದು ಬರೆದಿದ್ದೀರಿ. ಅದು +6 ಆಗಬೇಕು.

ಯಾವ ನೆಂಟನೂ ಹೊಂದದಿದ್ದರೆ ಬಿಂದುವನ್ನು ಸರಿಯಾಗಿ ಹಾಕಿದ್ದೀರಿ, ಆಮೇಲಿನ ಕೂಡು-ಗುಣಿಸು ಕೆಲಸದಲ್ಲಿ ಎಡವಿದ್ದೀರಿ. ಮೊದಲು ಅನುಮಾನಿಸಬೇಕಾದ್ದು ಭಿನ್ನರಾಶಿ ಕಳೆಯುವ ಹೆಜ್ಜೆಯನ್ನು. ವೈ + 1 = −(3/2)(ಎಕ್ಸ್ − 4) ಇದನ್ನು 2ರಿಂದ ಗುಣಿಸುವಾಗ 2ವೈ + 1 ಎಂದು ಬರೆಯುವುದು ತೀರಾ ಸಾಮಾನ್ಯ. ವೈಗೆ 2 ಸಿಕ್ಕಿತು, 1ಕ್ಕೆ ಸಿಗಲಿಲ್ಲ. ಉತ್ತರ 3ಎಕ್ಸ್ + 2ವೈ = 11 ಆಗುತ್ತದೆ. ಬರಬೇಕಾದದ್ದಕ್ಕಿಂತ ಸರಿಯಾಗಿ 1 ಹೆಚ್ಚು. ಹೀಗೆ ಸ್ವಲ್ಪದರಲ್ಲೇ ತಪ್ಪಿದ್ದರೆ ಯಾವುದೋ ಒಂದು ಪದ ಗುಣಾಕಾರದಿಂದ ತಪ್ಪಿಸಿಕೊಂಡಿದೆ.

ಇನ್ನೊಂದು ಅಭ್ಯಾಸದ ತಪ್ಪು: ಹಳೆಯ ರೇಖೆಯ ಒಂಟಿ ಸಂಖ್ಯೆಯನ್ನೇ ಹೊಸದಕ್ಕೂ ಇಟ್ಟುಬಿಡುವುದು. ವೈ = 2ಎಕ್ಸ್ + 3ಕ್ಕೆ (6, −1) ಮೂಲಕ ಲಂಬ ಬೇಕು ಎಂದರೆ ಸುಮ್ನೆ ವೈ = −(1/2)ಎಕ್ಸ್ + 3 ಎಂದು ಬರೆಯುತ್ತಾರೆ. ಎಕ್ಸ್ = 6 ಹಾಕಿದರೆ ವೈ = 0, ಬೇಕಿದ್ದದ್ದು −1. ಆ 3 ಹಳೆಯ ರೇಖೆಯ ಸ್ವತ್ತು. ಹೊಸ ರೇಖೆಯ ಒಂಟಿ ಸಂಖ್ಯೆಯನ್ನು ಹೊಸ ಬಿಂದುವಿನಿಂದಲೇ ಪಡೆಯಬೇಕು. ಅದನ್ನು ಸಿ ಎನ್ನೋಣ: −1 = −3 + ಸಿ, ಆದ್ದರಿಂದ ಸಿ = 2.

ಕೊಟ್ಟ ಬಿಂದು ಕೊಟ್ಟ ರೇಖೆಯ ಮೇಲೆ ಇಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಅದು ದೋಷವಲ್ಲ. ಬಿಂದು ರೇಖೆಯ ಮೇಲೆ ಇದ್ದರೂ ಹೊರಗೆ ಇದ್ದರೂ ಕೆಲಸ ಒಂದೇ.

ಎರಡೂ ಫೇಲಾದಾಗ

ಇಳಿಜಾರಿನಲ್ಲಿ ತಪ್ಪಿದರೂ ಬಿಂದುವನ್ನು ಸರಿಯಾಗಿ ಹಾಕಿದ್ದರೆ ಬಿಂದುವಿನ ಪರೀಕ್ಷೆ ಪಾಸಾಗುತ್ತದೆ. ಹಾಗಾಗಿ ಎರಡೂ ಫೇಲಾದರೆ ಒಂದೋ ಎರಡು ಬೇರೆ ತಪ್ಪುಗಳಾಗಿವೆ, ಇಲ್ಲವೇ ಕೊನೆಯಲ್ಲಿ ಪದಗಳನ್ನು ಆಚೀಚೆ ಸರಿಸುವಾಗ ಒಂದೇ ತಪ್ಪು ಎರಡನ್ನೂ ಕೆಡಿಸಿದೆ. ಎರಡನೆಯದನ್ನೇ ಮೊದಲು ನೋಡಿ. 2ವೈ = −3ಎಕ್ಸ್ + 10 ತನಕ ಎಲ್ಲ ಸರಿ. ಆಮೇಲೆ −3ಎಕ್ಸ್ ಈ ಬದಿಗೆ ಬರುವಾಗ ಚಿಹ್ನೆ ಬದಲಾಗದೆ −3ಎಕ್ಸ್ + 2ವೈ = 10 ಆಯಿತು. ಒಂದು ಚಿಹ್ನೆ, ಎರಡು ಪರೀಕ್ಷೆಯೂ ಹೋಯಿತು. ಅದಕ್ಕೇ ಕೊನೆಯ ಸಾಲಿನಿಂದ ಹಿಂದಕ್ಕೆ ಹೋಗಿ ಎಂದದ್ದು. ಪ್ರತಿ ಸಾಲಿಗೂ (4, −1) ಹಾಕುತ್ತಾ ಹಿಂದಕ್ಕೆ ಬನ್ನಿ. ಯಾವ ಸಾಲಿನಲ್ಲಿ ಹೊಂದುತ್ತದೋ ಅದರ ಮುಂದಿನ ಸಾಲಿನಲ್ಲಿ ತಪ್ಪಿದೆ.

ನೆಟ್ಟಗೆ ನಿಂತ ರೇಖೆ, ಮಲಗಿದ ರೇಖೆ

ಕೊಟ್ಟ ರೇಖೆ ಎಕ್ಸ್ = 4, ಬಿಂದು (−2, 5). ಇಳಿಜಾರು ಹುಡುಕಲು ಹೊರಟರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಲೆಕ್ಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೆಲವರು 4 ಅನ್ನೇ ಇಳಿಜಾರು ಎಂದುಕೊಂಡು −1/4 ಬರೆಯುತ್ತಾರೆ. ಹಾಗೆಯೇ ವೈ = 3 ಕಂಡಾಗ −1/3 ಬರೆಯುತ್ತಾರೆ. ಎರಡೂ ತಪ್ಪು. ಎಕ್ಸ್ = 4 ನೆಟ್ಟಗೆ ನಿಂತ ಗೆರೆ, ಅದಕ್ಕೆ ಇಳಿಜಾರು ಎಂಬ ಸಂಖ್ಯೆಯೇ ಇಲ್ಲ. ವೈ = 3 ಮಲಗಿದ ಗೆರೆ, ಇಳಿಜಾರು ಸೊನ್ನೆ. ‘ಗುಣಿಸಿದರೆ −1’ ನಿಯಮ ಇವೆರಡಕ್ಕೂ ಅನ್ವಯಿಸುವುದಿಲ್ಲ. ನಿಮ್ಮ ಕೆಲಸದಲ್ಲಿ ದೋಷವಿಲ್ಲ, ನಿಯಮದ ಗಡಿ ಅಲ್ಲಿಗೆ ಮುಗಿಯಿತು.

ನಿಂತದ್ದಕ್ಕೆ ಲಂಬ ಮಲಗಿದ್ದು. ಮಲಗಿದ ರೇಖೆಯ ಮೇಲೆ ವೈ ಬದಲಾಗುವುದಿಲ್ಲ. ಬಿಂದುವಿನಲ್ಲಿ ವೈ 5 ಇದೆ. ಉತ್ತರ ವೈ = 5. ನಿಮಗೆ ಎಕ್ಸ್ = −2 ಬಂದಿದ್ದರೆ ಅದು ಸಮಾಂತರ ರೇಖೆ. ವೈ = −2 ಬಂದಿದ್ದರೆ ಬಿಂದುವಿನ ತಪ್ಪು ಸಂಖ್ಯೆ ಎತ್ತಿದ್ದೀರಿ.

ಇಳಿಜಾರನ್ನೇ ಮುಟ್ಟದೆ ಹೋಗುವ ಒಂದು ದಾರಿ ಇದೆ, ನಾನೀಗ ಅದನ್ನೇ ಬಳಸುವುದು. 2ಎಕ್ಸ್ − 3ವೈ ಕಂಡರೆ ಎರಡು ಸಹಗುಣಕಗಳನ್ನು ಅದಲುಬದಲು ಮಾಡಿ, ಒಂದರ ಚಿಹ್ನೆ ಮಾತ್ರ ಬದಲಿಸಿ: 3ಎಕ್ಸ್ + 2ವೈ. ಬಿಂದುವನ್ನು ಅದಕ್ಕೇ ಹಾಕಿ: 12 − 2 = 10. ಉತ್ತರ 3ಎಕ್ಸ್ + 2ವೈ = 10. ಎರಡೇ ಸಾಲು. ಮೊದಲಿನ ಆರು ಸಾಲಿನಲ್ಲಿದ್ದ ಜಾರುವ ಜಾಗಗಳಲ್ಲಿ ಬಹುಪಾಲು ಇಲ್ಲಿ ಇಲ್ಲವೇ ಇಲ್ಲ. ಎಕ್ಸ್ = 4ಕ್ಕೂ ಇದು ನಡೆಯುತ್ತದೆ. ಅದು 1ಎಕ್ಸ್ + 0ವೈ = 4. ಅದಲುಬದಲು ಮಾಡಿ ಚಿಹ್ನೆ ಬದಲಿಸಿದರೆ 0ಎಕ್ಸ್ − 1ವೈ. ಬಿಂದು ಹಾಕಿದರೆ −5. ಅಂದರೆ −ವೈ = −5, ವೈ = 5. ಇಲ್ಲಿ ಕಾಯಬೇಕಾದ್ದು ಒಂದೇ: ಎರಡೂ ಚಿಹ್ನೆ ಬದಲಿಸಬಾರದು, ಎರಡನ್ನೂ ಬಿಡಲೂಬಾರದು. ಸೊನ್ನೆ ಬರಬೇಕಾದ ಆ ಕೂಡಿಸುವ ಪರೀಕ್ಷೆ ಇದನ್ನು ತಕ್ಷಣ ಹಿಡಿಯುತ್ತದೆ.

ಲಂಬ ರೇಖೆ ಎಂದು ನೇರವಾಗಿ ಕೇಳದ ಪ್ರಶ್ನೆಗಳು

ಕೆಲವು ಪ್ರಶ್ನೆಗಳಲ್ಲಿ ಲೆಕ್ಕ ಪೂರ್ತಿ ಸರಿ ಇರುತ್ತದೆ, ಎರಡೂ ಪರೀಕ್ಷೆ ಪಾಸಾಗುತ್ತವೆ, ಆದರೂ ಉತ್ತರ ತಪ್ಪು. ಆಗ ನೀವು ಪರೀಕ್ಷಿಸಿದ ಬಿಂದು ಅಥವಾ ರೇಖೆಯೇ ಬೇರೆ.

ಲಂಬಾರ್ಧಕ ರೇಖೆ, ಅಂದರೆ ರೇಖಾಖಂಡವನ್ನು ಲಂಬವಾಗಿ ಸರಿ ಅರ್ಧಕ್ಕೆ ಕತ್ತರಿಸುವ ರೇಖೆ, ಇದಕ್ಕೆ ಒಳ್ಳೆಯ ಉದಾಹರಣೆ. (−1, 4) ಮತ್ತು (5, 1) ಸೇರಿಸುವ ರೇಖಾಖಂಡದ ಲಂಬಾರ್ಧಕ ಬೇಕು. ಇಳಿಜಾರು −3/6, ಅಂದರೆ −1/2. ಲಂಬದ್ದು 2. ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಆಮೇಲೆ ಪ್ರಶ್ನೆಯಲ್ಲಿ ಕಣ್ಣಿಗೆ ಬೀಳುವ (5, 1) ಅನ್ನೇ ಹಾಕಿಬಿಡುತ್ತಾರೆ. ಹಾಕಬೇಕಾದದ್ದು ಮಧ್ಯಬಿಂದು (2, 5/2). ಆಗ ಬರುವುದು 4ಎಕ್ಸ್ − 2ವೈ = 3. ಎರಡು ಬಿಂದುಗಳಿಂದ ಇಳಿಜಾರು ತೆಗೆಯುವಾಗ ಇನ್ನೊಂದು ಎಚ್ಚರ: ಮೇಲೆ ಯಾವ ಬಿಂದುವನ್ನು ಮೊದಲು ಬರೆದಿರೋ ಕೆಳಗೂ ಅದನ್ನೇ ಮೊದಲು ಬರೆಯಿರಿ. ಇಲ್ಲದಿದ್ದರೆ ಚಿಹ್ನೆ ಹೋಯಿತು.

ತ್ರಿಭುಜದ ಎತ್ತರ ಎಂದರೆ ಶೃಂಗದಿಂದ ಎದುರು ಬಾಹುವಿಗೆ ಲಂಬ. ಅದು ಬಾಹುವಿನ ಮಧ್ಯಬಿಂದುವಿಗೆ ಹೋಗಬೇಕೆಂದಿಲ್ಲ. ಮಧ್ಯರೇಖೆಯ ಜೊತೆ ಇದನ್ನು ಕಲಸಿಕೊಳ್ಳುವವರು ಬಹಳ ಜನ. ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಸ್ಪರ್ಶಕವೂ ಲಂಬದ ಲೆಕ್ಕವೇ, ಅದು ಆ ಬಿಂದುವಿಗೆ ಎಳೆದ ತ್ರಿಜ್ಯಕ್ಕೆ ಲಂಬ. ಕೇಂದ್ರ (0, 0), ವೃತ್ತದ ಮೇಲಿನ ಬಿಂದು (3, 4) ಆದರೆ ತ್ರಿಜ್ಯದ ಇಳಿಜಾರು 4/3, ಸ್ಪರ್ಶಕದ್ದು −3/4, ಸಮೀಕರಣ 3ಎಕ್ಸ್ + 4ವೈ = 25. ವೃತ್ತ ಬಿಟ್ಟು ಬೇರೆ ವಕ್ರರೇಖೆಗಳಿಗೆ ಲಂಬ ಎಳೆಯುವ ಪ್ರಶ್ನೆಯನ್ನು ರೆನೆ ಡೆಕಾರ್ಟ್ 1637ರಲ್ಲಿ ಕೈಗೆತ್ತಿಕೊಂಡಾಗ, ರೇಖಾಗಣಿತದಲ್ಲಿ ತನಗೆ ಗೊತ್ತಿರುವ ಅತ್ಯಂತ ಉಪಯುಕ್ತ ಪ್ರಶ್ನೆ ಅದೇ ಎಂದು ಬರೆದಿದ್ದ. ಈ ಪುಟ್ಟ ಲೆಕ್ಕದ ಮೇಲೆ ನನಗೆ ಅಕ್ಕರೆ ಬೆಳೆದದ್ದು ಅದನ್ನು ತಿಳಿದ ಮೇಲೆ.

ಲೆಕ್ಕ ಸರಿ, ಚಿತ್ರ ಮಾತ್ರ ಓರೆ

ಕೊನೆಯ ದೋಷ ಲೆಕ್ಕದ್ದಲ್ಲ, ಪರದೆಯದ್ದು. ಎರಡೂ ಸಮೀಕರಣವನ್ನು ಮೊಬೈಲಿನ ಗ್ರಾಫ್ ಆ್ಯಪ್‌ಗೆ ಕೊಡುತ್ತೀರಿ. ಎರಡು ಗೆರೆಗಳು ಕತ್ತರಿಯ ಹಾಗೆ ಓರೆಯಾಗಿ ದಾಟುತ್ತವೆ. ಲಂಬಕೋನ ಕಾಣುವುದೇ ಇಲ್ಲ. ಉತ್ತರ ಹೊಡೆದುಹಾಕುವ ಮೊದಲು ಅಕ್ಷಗಳ ಮೇಲಿನ ಅಂಕಿಗಳನ್ನು ನೋಡಿ. ಎಕ್ಸ್ ಅಕ್ಷದ ಮೇಲೆ ಒಂದು ಮಾನ ಎಷ್ಟು ಅಗಲವಿದೆಯೋ ವೈ ಅಕ್ಷದ ಮೇಲೂ ಒಂದು ಮಾನ ಅಷ್ಟೇ ಎತ್ತರ ಇದೆಯೇ? ವೈ ಅಕ್ಷ ಅರ್ಧಕ್ಕೆ ಕುಗ್ಗಿದ್ದರೆ 2/3 ಇಳಿಜಾರು 1/3ರಂತೆ ಕಾಣುತ್ತದೆ, −3/2 ಇಳಿಜಾರು −3/4ರಂತೆ ಕಾಣುತ್ತದೆ. ಅವುಗಳ ನಡುವಿನ ಕೋನ ಸುಮಾರು 55 ಡಿಗ್ರಿ. ರೇಖೆಗಳು ಸರಿಯಾಗಿಯೇ ಇವೆ, ಹಾಳೆ ಎಳೆದಂತಾಗಿದೆ.

ಕಾಗದದ ಮೇಲೂ ಇದೇ ಆಗುತ್ತದೆ, ಎರಡು ಅಕ್ಷಕ್ಕೆ ಬೇರೆ ಬೇರೆ ಅಳತೆ ಹಿಡಿದಾಗ. ಲಂಬವನ್ನು ಕಣ್ಣಲ್ಲಿ ನೋಡಬೇಕಾದ ಚಿತ್ರಕ್ಕೆ ಎರಡೂ ಅಕ್ಷಕ್ಕೆ ಒಂದೇ ಅಳತೆ ಇರಲಿ. ಆ್ಯಪ್‌ನಲ್ಲಿ ಅಕ್ಷಗಳ ಅಳತೆ ಸಮ ಮಾಡುವ ಆಯ್ಕೆ ಇದ್ದರೆ ಅದನ್ನು ಒತ್ತಿ. ಆಮೇಲೆ ಕೋನಮಾಪಕ ಇಟ್ಟು ನೋಡಿ. 3ಎಕ್ಸ್ + 2ವೈ = 10 ಗೆರೆ 2ಎಕ್ಸ್ − 3ವೈ = 6 ಗೆರೆಯನ್ನು ನೇರ 90 ಡಿಗ್ರಿಯಲ್ಲಿ ದಾಟಿ, ಕೆಳಗೆ (4, −1)ರ ಮೇಲೆ ಹಾದುಹೋಗುತ್ತಿರುತ್ತದೆ.